ಹದಿನಾರು ಮಂದಿಯ ಊಟ, ಉಳಿದವರ ಪಾಲು: ಬಾದಾಮಿಯ ಖಾನಾವಳಿ ಮತ್ತು ಪರವಾನಿಗೆಯ ಮಿತಿ

ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಸಂಸ್ಕೃತ ಶಾಸನವೊಂದಿದೆ. ಅದು ಶಕವರ್ಷ 500ರ, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯ ದಿನದ್ದು. ಇತಿಹಾಸಕಾರರು ಈ ಶಾಸನವನ್ನು ಮುಖ್ಯವಾಗಿ ಎರಡು ಕಾರಣಗಳಿಗಾಗಿ ಉಲ್ಲೇಖಿಸುತ್ತ ಬಂದಿದ್ದಾರೆ. ಗುಹಾಲಯದ ಕಾಲವನ್ನು ಅದು ಖಚಿತಪಡಿಸುತ್ತದೆ. ಕೀರ್ತಿವರ್ಮನ ಹನ್ನೆರಡನೆಯ ಆಳ್ವಿಕೆಯ ವರ್ಷವನ್ನು ಹೇಳುವುದರಿಂದ ಆತನ ಪಟ್ಟಾಭಿಷೇಕದ ಕಾಲವನ್ನೂ ತಿಳಿಸಿಕೊಡುತ್ತದೆ. ಜಾನಪದ ಅಧ್ಯಯನಕಾರರ ಗಮನಕ್ಕೆ ಬರಬೇಕಾದ ಮೂರನೆಯ ಸಂಗತಿಯೊಂದು ಅದೇ ಕಲ್ಲಿನಲ್ಲಿದೆ. ಲಂಜೀಶ್ವರವೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟು, ಅದರ ಉತ್ಪನ್ನದಿಂದ ನಾರಾಯಣಬಲಿ ನಡೆಯಬೇಕು, ದಿನವೂ ಹದಿನಾರು ಮಂದಿ ಬ್ರಾಹ್ಮಣರಿಗೆ ಸತ್ರದ ಊಟವಾಗಬೇಕು, ಉಳಿದದ್ದು ಪರಿವ್ರಾಜಕರ ಭೋಜನಕ್ಕೆ ಸಲ್ಲಬೇಕು ಎಂದು ಅಲ್ಲಿ ಕಟ್ಟಳೆ ಮಾಡಲಾಗಿದೆ.

ಬಾದಾಮಿಯ ನೆಲದಲ್ಲಿ ಒಂದು ಊಟದ ಸ್ಥಳಕ್ಕೆ ಸಂಖ್ಯೆಯ ಮಿತಿ ಹಾಕಿದ ಈ ದಾಖಲೆ ಇಂದಿಗೂ ಅದೇ ಕಲ್ಲಿನಲ್ಲಿ ಓದಲು ಸಿಗುತ್ತದೆ. ಇದರಲ್ಲಿ ಎರಡು ಅಂಶಗಳಿವೆ. ಒಂದು, ಎಣಿಕೆಗೆ ಬಂದವರ ಸಂಖ್ಯೆ. ಇನ್ನೊಂದು, ಎಣಿಕೆಗೆ ಬಾರದ ದಾರಿಹೋಕರ ಪಾಲು. ಮಿತಿಯನ್ನು ಹಾಕಿದ ಕಟ್ಟಳೆಯೇ ಮಿತಿಯ ಹೊರಗೆ ಉಳಿದವರನ್ನೂ ನೆನೆದಿದೆ. ಅದೇ ಊರಿನ ಖಾನಾವಳಿಗಳಿಗೆ ಇಪ್ಪತ್ತನೆಯ ಮತ್ತು ಇಪ್ಪತ್ತೊಂದನೆಯ ಶತಮಾನಗಳಲ್ಲಿ ಬಂದ ಪರವಾನಿಗೆಯ ನಿಯಮಗಳನ್ನು ಈ ಹಳೆಯ ಕಟ್ಟಳೆಯ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಎಷ್ಟು ಗಿರಾಕಿಗಳಿಗೆ ಉಣಬಡಿಸಬಹುದು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕಚೇರಿಯ ಕಾಗದದ್ದೆನಿಸಿದರೂ, ಅದರ ಒಳಗೆ ಯಾರ ಬದುಕು ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆಯೂ ಅಡಗಿದೆ.

ಖಾನಾವಳಿಯ ಅಳತೆ

ಖಾನಾವಳಿ ಎಂಬ ಮಾತು ಮರಾಠಿಯ ಸಂಪರ್ಕದಿಂದ ಉತ್ತರ ಕರ್ನಾಟಕದ ಕನ್ನಡಕ್ಕೆ ಬಂದು ನೆಲೆಸಿತು. ಬಾದಾಮಿ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತಕ್ಕೆ, ವಿಜಾಪುರ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾದಾಗ ಅದು ಹೊಸ ಜಿಲ್ಲೆಯ ತಾಲ್ಲೂಕಾಯಿತು. 1884ರಲ್ಲಿ ಹೋಟಗಿ-ಗದಗ ರೈಲುಮಾರ್ಗ ತೆರೆದ ಮೇಲೆ ಬಾದಾಮಿಗೂ ಒಂದು ನಿಲ್ದಾಣ ದೊರೆಯಿತು. ವ್ಯಾಪಾರಿಗಳು, ಕಚೇರಿ ಕೆಲಸದವರು, ಶಾಲಾ ಮಾಸ್ತರರು, ಯಾತ್ರಿಕರು ಹೀಗೆ ಬಂಧುಗಳಿಲ್ಲದ ಊರಿನಲ್ಲಿ ಉಣ್ಣಬೇಕಾದವರ ವರ್ಗವೊಂದು ಬೆಳೆದಂತೆ, ಈ ಭಾಗದ ಊರುಗಳಲ್ಲಿ ಮನೆಯ ಪಡಸಾಲೆಯೇ ಊಟದ ಸ್ಥಳವಾಗುವ ಪರಿಪಾಠವೂ ಬೆಳೆಯಿತು. ತಿಂಗಳ ಲೆಕ್ಕದಲ್ಲಿ ಉಣ್ಣುವವರು, ಹೊತ್ತಿನ ಲೆಕ್ಕದಲ್ಲಿ ಉಣ್ಣುವವರು ಎಂಬ ಎರಡು ಬಗೆಯ ಗಿರಾಕಿಗಳು ಖಾನಾವಳಿಯ ಆಧಾರ.

ಇಂತಹ ಮನೆ-ಖಾನಾವಳಿಯಲ್ಲಿ ಮಿತಿ ಎಂಬುದು ಇರಲಿಲ್ಲವೆಂದು ತಿಳಿಯಬಾರದು. ಮಿತಿ ಇತ್ತು; ಅದು ಗೋಡೆಯ ಮೇಲಿನ ಫಲಕದಲ್ಲಿ ಇರಲಿಲ್ಲ, ಒಲೆಯ ಮುಂದೆ ಇತ್ತು. ಬಿಸಿ ಜೋಳದ ರೊಟ್ಟಿಯನ್ನು ಒಂದೊಂದಾಗಿ ಬಡಿದು, ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಕೆಂಡದ ಮುಂದೆ ಉಬ್ಬಿಸಬೇಕು. ಒಬ್ಬ ಹೆಣ್ಣುಮಗಳ ಎರಡು ಕೈಗಳು ಒಂದು ಹೊತ್ತಿಗೆ ಎಷ್ಟು ರೊಟ್ಟಿ ಬಡಿಯಬಲ್ಲವೋ ಅಷ್ಟೇ ಮಂದಿಗೆ ಬಿಸಿ ರೊಟ್ಟಿ. ಅದಕ್ಕಿಂತ ಹೆಚ್ಚಿನ ಗಿರಾಕಿ ಬರುವ ದಿನಗಳಿಗಾಗಿ ಒಣಗಿಸಿಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿಗಳ ಸಂಗ್ರಹವಿರುತ್ತದೆ. ಬಿಸಿ ರೊಟ್ಟಿ ಮಿತಿಯನ್ನು ಹೇಳಿದರೆ ಖಡಕ್ ರೊಟ್ಟಿ ಮಿತಿ ಮೀರಿ ಬಂದವನಿಗೆ ಆಸರೆಯಾಗುತ್ತದೆ. ಮಂಗಲೇಶನ ಶಾಸನದ ಎರಡು ಅಂಶಗಳು ಜನಪದರ ಅಡುಗೆಮನೆಯಲ್ಲಿ ಹೀಗೆ ಬೇರೆಯೇ ರೂಪದಲ್ಲಿ ಕಾಣಿಸುತ್ತವೆ.

ಎರಡನೆಯ ಅಳತೆ ಪಂಕ್ತಿಯದು. ಈ ಭಾಗದ ಆಡುಮಾತಿನಲ್ಲಿ ಇದನ್ನು ಪಂಗತಿ ಎನ್ನುವುದುಂಟು. ಪಂಗತಿ ಕುಳಿತಿತು, ಪಂಗತಿ ಎದ್ದಿತು ಎಂಬ ಮಾತುಗಳು ಸ್ಥಳವನ್ನೂ ಕಾಲವನ್ನೂ ಕೂಡಿಸಿ ಅಳೆಯುತ್ತವೆ. ಒಂದು ಪಂಗತಿಗೆ ಇಷ್ಟು ಮಂದಿ ಎಂಬುದು ಖಚಿತ. ಆದರೆ ಒಂದು ದಿನಕ್ಕೆ ಇಷ್ಟೇ ಪಂಗತಿ ಎಂದು ಯಾರೂ ಹೇಳುವುದಿಲ್ಲ. "ಸ್ವಲ್ಪ ಕಟ್ಟಿ ಮ್ಯಾಲ ಕುಂದರ್ರಿ ಯಣ್ಣಾ, ಈ ಪಂಗತಿ ಏಳ್ಲಿ" ಎಂಬ ಮಾತಿನಲ್ಲಿ ನಿರಾಕರಣೆಯಿಲ್ಲ, ಕಾಯಬೇಕೆಂಬ ವಿನಂತಿಯಿದೆ. ಮನೆಯ ಮುಂದಿನ ಕಟ್ಟೆ ಖಾನಾವಳಿಯ ಕಟ್ಟಡದಲ್ಲಿ ಬಹುಮುಖ್ಯವಾದ ಭಾಗವಾಗಿರುವುದು ಈ ಕಾರಣದಿಂದ. ಅಲ್ಲಿ ಕುಳಿತವನು ಇನ್ನೂ ಉಣ್ಣುತ್ತಿಲ್ಲ, ಆದರೆ ಅವನ ಊಟ ಲೆಕ್ಕಕ್ಕೆ ಬಂದಾಗಿದೆ.

ಯಾರು ಉಣ್ಣಬಹುದು

ಪಂಗತಿಯನ್ನು ಕುರಿತು ಹೀಗೆ ಹೇಳುವಾಗ ಅದರ ಇನ್ನೊಂದು ಮುಖವನ್ನು ಮರೆಮಾಚುವುದು ವಿದ್ವತ್ತಿಗೆ ತಕ್ಕುದಲ್ಲ. ಎಷ್ಟು ಮಂದಿ ಎಂಬುದಕ್ಕಿಂತ ಮೊದಲು ಯಾರು ಎಂಬ ಪ್ರಶ್ನೆಯನ್ನೇ ಪಂಗತಿ ಕೇಳುತ್ತಿತ್ತು. ಶಾಸನದ ಹದಿನಾರು ಮಂದಿ ಒಂದೇ ವರ್ಣಕ್ಕೆ ಸೇರಿದವರು ಎಂಬುದನ್ನು ಇಲ್ಲಿ ಗಮನಿಸಬೇಕು. ಆಧುನಿಕ ಕಾಲದ ಹೋಟೆಲು ಮತ್ತು ಖಾನಾವಳಿಗಳು ಜಾತಿಯ ಹೆಸರನ್ನು ಫಲಕದಲ್ಲೇ ಬರೆದುಕೊಂಡವು. ಕೆಲವೆಡೆ ಒಂದೇ ಹೋಟೆಲಿನಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಯಿತ್ತು. ಅಸ್ಪೃಶ್ಯರೆನಿಸಿದವರಿಗೆ ಒಳಗೆ ಪ್ರವೇಶವಿರಲಿಲ್ಲ. ಹೊರಗೆ ಬೇರೆ ಲೋಟ, ಬೇರೆ ಸ್ಥಳ. ಕಟ್ಟೆ ಕೆಲವರಿಗೆ ಕಾಯುವ ಜಾಗವಾಗಿದ್ದಂತೆ ಇನ್ನು ಕೆಲವರಿಗೆ ಎಂದೂ ದಾಟಲಾಗದ ಗಡಿಯಾಗಿತ್ತು.

ಈ ಗಡಿಯನ್ನು ಒಡೆದದ್ದು ಕಾನೂನು. ಮುಂಬಯಿ ಪ್ರಾಂತದಲ್ಲಿ 1946ರ ಹರಿಜನ ಸಾಮಾಜಿಕ ಅನರ್ಹತೆಗಳ ನಿವಾರಣಾ ಕಾಯ್ದೆ ಬಂದಿತು. 1950ರ ಸಂವಿಧಾನದ ಹದಿನೈದನೆಯ ವಿಧಿಯು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿ ಅಡ್ಡಿಯಾಗದೆಂದು ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇಂತಹ ತಡೆಯನ್ನು ಶಿಕ್ಷಾರ್ಹಗೊಳಿಸಿತು. ಪಾತ್ರೆ-ಲೋಟಗಳ ಬಳಕೆಯನ್ನೂ ಅದು ಹೆಸರಿಸಿತು. 1976ರಲ್ಲಿ ಈ ಕಾಯ್ದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರಾಯಿತು. ಕಾಯ್ದೆ ಬಂದ ಮೇಲೂ ಬೇರೆ ಲೋಟ ಹಲವೆಡೆ ಉಳಿಯಿತು ಎಂಬುದೂ, ದಲಿತ ಚಳವಳಿ ಅದನ್ನು ಪ್ರಶ್ನಿಸಬೇಕಾಯಿತು ಎಂಬುದೂ ಕರ್ನಾಟಕದ ಸಾಮಾಜಿಕ ಚರಿತ್ರೆಯ ಭಾಗವೇ ಆಗಿವೆ. ಆದುದರಿಂದ ಖಾನಾವಳಿಯ ವಿಷಯದಲ್ಲಿ ಸಂಪ್ರದಾಯವೆಲ್ಲ ಉದಾರ, ಕಾನೂನೆಲ್ಲ ಕಠೋರ ಎಂಬ ಸರಳ ತೀರ್ಮಾನಕ್ಕೆ ಅವಕಾಶವಿಲ್ಲ.

ಎಷ್ಟು ಮಂದಿ ಉಣ್ಣಬಹುದು

ಯಾರು ಎಂಬ ಪ್ರಶ್ನೆಯನ್ನು ಕಾನೂನು ಬಿಡಿಸಿದ ಮೇಲೆ ಎಷ್ಟು ಎಂಬ ಪ್ರಶ್ನೆ ಮುಂದೆ ಬಂದಿತು. ಪುರಸಭೆಯ ಕಟ್ಟಡ ಅನುಮತಿ ಮತ್ತು ಉದ್ದಿಮೆ ಪರವಾನಿಗೆಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿಯಲ್ಲಿ ಬರುತ್ತವೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯನ್ನು ಅನುಸರಿಸಿ ಬಂದ 2011ರ ನಿಯಮಾವಳಿಯು, ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿ ಮೀರದ ಚಿಕ್ಕ ಆಹಾರ ವ್ಯಾಪಾರಿಗಳಿಗೆ ಪರವಾನಿಗೆಯ ಬದಲು ನೋಂದಣಿ ಸಾಕೆಂದು ವಿಧಿಸಿತು. ಹೀಗೆ ಒಂದೇ ಒಲೆಯನ್ನು ಒಂದು ಇಲಾಖೆ ಕಟ್ಟಡವೆಂದೂ ಇನ್ನೊಂದು ಉದ್ದಿಮೆಯೆಂದೂ ಮತ್ತೊಂದು ಆಹಾರ ಘಟಕವೆಂದೂ ನೋಡುತ್ತದೆ.

ಜನರ ಸಂಖ್ಯೆಗೆ ಮೂಲವಾದ ಲೆಕ್ಕ 1970ರಲ್ಲಿ ಮೊದಲು ಪ್ರಕಟವಾಗಿ ಹಲವು ಬಾರಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ. ಊಟದ ಕೋಣೆಗೆ ಒಬ್ಬರಿಗೆ 1.5 ಚದರ ಮೀಟರ್ ನೆಲ ಎಂಬುದು ಅದರ 2005ರ ಪರಿಷ್ಕರಣೆ ಇಟ್ಟುಕೊಂಡಿದ್ದ ಅಳತೆ. ಈ ಅಳತೆ ಹುಟ್ಟಿದ್ದು ವ್ಯಾಪಾರವನ್ನು ಕುಗ್ಗಿಸುವುದಕ್ಕಲ್ಲ. ಬೆಂಕಿ ಬಿದ್ದಾಗ ಒಳಗಿರುವವರು ಹೊರಬರಲು ಎಷ್ಟು ಅಗಲದ ಬಾಗಿಲು, ಎಷ್ಟು ದಾರಿ ಬೇಕು ಎಂದು ಗುಣಿಸುವುದಕ್ಕೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ಉಪಾಹಾರಗೃಹಗಳಿಗೆ ಬೆಂಕಿ ತಗುಲಿ 14 ಮಂದಿ ಮೃತಪಟ್ಟರು. ಮಿತಿಯ ಹಿಂದೆ ಜೀವದ ಪ್ರಶ್ನೆಯಿದೆ.

ಆದರೆ ಅದೇ ಅಳತೆಯನ್ನು ಪಡಸಾಲೆಗೆ ಅನ್ವಯಿಸಿದಾಗ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಪ್ಪತ್ತು ಅಡಿ ಉದ್ದ, ಒಂಬತ್ತು ಅಡಿ ಅಗಲದ ಪಡಸಾಲೆ ಸುಮಾರು 16.7 ಚದರ ಮೀಟರ್ ಆಗುತ್ತದೆ. ಸಂಹಿತೆಯ ಲೆಕ್ಕದಲ್ಲಿ ಅದು 11 ಮಂದಿಯ ಕೋಣೆ. ನೆಲದ ಮೇಲೆ ಎರಡು ಗೋಡೆಗಳ ಗುಂಟ ಎದುರುಬದುರಾಗಿ, ಒಬ್ಬೊಬ್ಬರಿಗೆ ಎರಡು ಅಡಿಯಂತೆ ಪಂಗತಿ ಕೂಡಿಸಿದರೆ ಅಲ್ಲಿ 20 ಮಂದಿ ಉಣ್ಣುತ್ತಾರೆ. ನಡುವೆ ಬಡಿಸುವವರಿಗೆ ದಾರಿಯೂ ಉಳಿಯುತ್ತದೆ. ಕಾಗದದ ಮೇಲೆ 11, ನೆಲದ ಮೇಲೆ 20. ಮೇಜು-ಕುರ್ಚಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆಗೂ ನೆಲದ ಮೇಲೆ ಕೂಡುವ ಸಂಸ್ಕೃತಿಗೂ ನಡುವಿನ ಈ ಒಂಬತ್ತು ಮಂದಿಯೇ ವಿವಾದದ ಬೀಜ.

ಇಲ್ಲಿ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ಸುರಕ್ಷತೆಗೆ ಬೇಕಾದದ್ದು ಒಂದು ಹೊತ್ತಿಗೆ ಒಳಗಿರುವವರ ಸಂಖ್ಯೆ. ನೆರೆಹೊರೆಯವರ ತಕರಾರು ಸಾಮಾನ್ಯವಾಗಿ ದಿನವಿಡೀ ಬಂದುಹೋಗುವವರ ಸಂಖ್ಯೆಯನ್ನು ಕುರಿತದ್ದು: ಓಣಿಯಲ್ಲಿ ನಿಲ್ಲುವ ಬೈಕುಗಳು, ಚರಂಡಿಗೆ ಸೇರುವ ತೊಳೆದ ನೀರು, ರಾತ್ರಿಯ ಮಾತು. ಮೊದಲನೆಯದಕ್ಕೆ ಮದ್ದು ಬಾಗಿಲು ಮತ್ತು ಒಲೆಯ ಜಾಗ. ಎರಡನೆಯದಕ್ಕೆ ಮದ್ದು ಚರಂಡಿ ಮತ್ತು ಸಮಯ. ಎರಡನ್ನೂ ಒಂದೇ ಸಂಖ್ಯೆಯಲ್ಲಿ ಬರೆದಾಗ ಬೆಂಕಿಯ ಭಯವೂ ನೀಗುವುದಿಲ್ಲ, ಓಣಿಯ ತಕರಾರೂ ತೀರುವುದಿಲ್ಲ. ಪಂಗತಿಯ ಭಾಷೆ ಈ ಎರಡನ್ನೂ ಬೇರೆ ಬೇರೆಯಾಗಿಯೇ ಎಣಿಸುತ್ತಿತ್ತು ಎಂಬುದು ಇಲ್ಲಿ ವಿಶೇಷವಾಗಿ ಗಮನಾರ್ಹ.

ಕೊರೋನಾ ಕಾಲದಲ್ಲಿ ಈ ಗೊಂದಲ ದೇಶದಾದ್ಯಂತ ಕಂಡುಬಂದಿತು. ಲಾಕ್‌ಡೌನಿನ ನಂತರ 2020ರ ಜೂನ್ 8ರಿಂದ ಹೋಟೆಲುಗಳು ತೆರೆಯುವಾಗ, ಆಸನ ಸಾಮರ್ಥ್ಯದ ಶೇಕಡಾ 50ಕ್ಕಿಂತ ಹೆಚ್ಚು ಮಂದಿಯನ್ನು ಕೂಡಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳಿತು. ಕುರ್ಚಿಗಳಿದ್ದಲ್ಲಿ ಅರ್ಧವನ್ನು ಎಣಿಸಬಹುದು. ಕುರ್ಚಿಯೇ ಇಲ್ಲದ ಪಡಸಾಲೆಯಲ್ಲಿ ಯಾವುದರ ಅರ್ಧ? ಆಸನವೆಂಬ ಪರಿಕಲ್ಪನೆಯೇ ಇಲ್ಲದ ಊಟದ ಮನೆಯನ್ನು ನಿಯಮ ಬರೆದವರು ನೆನೆದಿರಲಿಲ್ಲ.

ನೂರು ಮೀಟರಿನ ಒಳಗೆ

ಬಾದಾಮಿಯಲ್ಲಿ ಈ ಪ್ರಶ್ನೆಗೆ ಬೇರೆ ಊರುಗಳಲ್ಲಿಲ್ಲದ ತೀಕ್ಷ್ಣತೆ ಬಂದದ್ದು ಸ್ಮಾರಕಗಳಿಂದ. ಹಳೆಯ ಊರು ಅಗಸ್ತ್ಯ ತೀರ್ಥದ ದಂಡೆಗೆ, ಕೋಟೆ-ಗುಡ್ಡಗಳ ಬುಡಕ್ಕೆ ಒತ್ತಿಕೊಂಡು ಬೆಳೆದಿದೆ. ಗುಡಿ ಯಾವುದು, ಮನೆಯ ಹಿತ್ತಿಲು ಯಾವುದು ಎಂದು ಬೇರ್ಪಡಿಸಲಾಗದ ಓಣಿಗಳು ಇಲ್ಲಿವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಅಡಿಯಲ್ಲಿ 1992ರ ಜೂನ್ 16ರಂದು ಹೊರಟ ಅಧಿಸೂಚನೆಯು ರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಗಿನ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಸಾರಿತು. 2010ರ ತಿದ್ದುಪಡಿ ಈ ಅಂತರಗಳನ್ನು ಕಾಯ್ದೆಯ ಒಳಗೇ ಸೇರಿಸಿ, ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರ ಹೊಸ ನಿರ್ಮಾಣದ ದಾರಿಯನ್ನು ಮುಚ್ಚಿತು. 1992ಕ್ಕಿಂತ ಹಿಂದಿನ ಮನೆಯನ್ನು ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ದುರಸ್ತಿ ಮಾಡಬಹುದು, ಹೊಸದಾಗಿ ಕಟ್ಟುವಂತಿಲ್ಲ.

ಖಾನಾವಳಿಯ ದೃಷ್ಟಿಯಿಂದ ಇದರ ಪರಿಣಾಮವನ್ನು ಯೋಚಿಸಬೇಕು. ಪಡಸಾಲೆಯ ಮಾಳಿಗೆಯ ತೊಲೆ ಬದಲಿಸುವುದು ದುರಸ್ತಿ. ಹತ್ತು ಮಂದಿಗೆ ಹೆಚ್ಚಿನ ಜಾಗವಾಗಲೆಂದು ಹಿತ್ತಿಲಿನಲ್ಲಿ ಒಂದು ಅಂಕಣ ಎಬ್ಬಿಸುವುದು ನಿರ್ಮಾಣ. ಗಿರಾಕಿ ಹೆಚ್ಚಿದಾಗ ಸುರಕ್ಷತೆಯ ನಿಯಮ ಜಾಗ ಹೆಚ್ಚಿಸಿಕೊಳ್ಳಿ ಎನ್ನುತ್ತದೆ. ಸ್ಮಾರಕದ ನಿಯಮ ಜಾಗ ಹೆಚ್ಚಿಸಕೂಡದು ಎನ್ನುತ್ತದೆ. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿ. ಎರಡರ ನಡುವೆ ಸಿಕ್ಕ ಮನೆಯವರಿಗೆ ಉಳಿಯುವುದು ಒಂದೋ ಗಿರಾಕಿಯನ್ನು ತಿರುಗಿಸಿ ಕಳಿಸುವುದು, ಇಲ್ಲವೇ ಕಾಗದವಿಲ್ಲದೆ ನಡೆಸುವುದು. ಕಾಗದವಿಲ್ಲದ ವ್ಯಾಪಾರಕ್ಕೆ ಬ್ಯಾಂಕಿನ ಸಾಲವಿಲ್ಲ; ತೆರವಿನ ದಿನ ಬಂದರೆ ಪರಿಹಾರ ಕೇಳಲು ಆಧಾರವೂ ಇರುವುದಿಲ್ಲ. ಮನೆಯ ಉತಾರ ಗಂಡಸಿನ ಹೆಸರಿನಲ್ಲಿದ್ದು ಒಲೆ ಹೆಂಗಸಿನದಾದಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ.

ಸ್ಮಾರಕ ಸಂರಕ್ಷಣೆ ಮತ್ತು ಊಟದ ಮನೆಗಳ ಘರ್ಷಣೆ ಎಲ್ಲಿಗೆ ಮುಟ್ಟಬಲ್ಲುದು ಎಂಬುದಕ್ಕೆ ಹಂಪಿಯ ನಿದರ್ಶನ ನಮ್ಮ ಮುಂದಿದೆ. 2011ರ ಜುಲೈನಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿದ್ದ ಮನೆ-ಅಂಗಡಿಗಳನ್ನು ತೆರವುಗೊಳಿಸಲಾಯಿತು. ತುಂಗಭದ್ರೆಯ ಆಚೆ ದಂಡೆಯ ವಿರೂಪಾಪುರಗಡ್ಡೆಯ ಉಪಾಹಾರಗೃಹ-ವಸತಿಗೃಹಗಳ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ರಕ್ಷಣೆ ಸ್ಮಾರಕಕ್ಕಷ್ಟೇ ಎಂದು ಮಾಲೀಕರು ವಾದಿಸಿದರು. 1988ರ ರಾಜ್ಯ ಅಧಿಸೂಚನೆಯ ವ್ಯಾಪ್ತಿಗೆ ಆ ಗಡ್ಡೆಯೂ ಬರುತ್ತದೆಂದು ನ್ಯಾಯಾಲಯ 2020ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಮರುತಿಂಗಳು ಕಟ್ಟಡಗಳು ನೆಲಸಮವಾದವು. ಪ್ರವಾಸೋದ್ಯಮಕ್ಕಾಗಿ ಎದ್ದ ಗಡ್ಡೆಯ ಕಟ್ಟಡಗಳನ್ನೂ ಬಾದಾಮಿಯ ಹಳೆಯ ಪಡಸಾಲೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ವರ್ಷಗಟ್ಟಲೆ ಅನಿರ್ಧಾರದಲ್ಲಿ ಬಿಟ್ಟ ಪ್ರಶ್ನೆ ಕೊನೆಗೆ ಜೆಸಿಬಿಯ ಮುಂದೆ ತೀರ್ಮಾನವಾಗುತ್ತದೆ ಎಂಬ ಪಾಠ ಎರಡಕ್ಕೂ ಒಂದೇ. 2015ರಲ್ಲಿ ಆರಂಭವಾದ ಕೇಂದ್ರದ ಹೃದಯ್ ಯೋಜನೆಯ ಹನ್ನೆರಡು ಪಾರಂಪರಿಕ ನಗರಗಳಲ್ಲಿ ಬಾದಾಮಿಯೂ ಒಂದಾಗಿತ್ತು. ಪರಂಪರೆ ಎಂಬ ಮಾತಿಗೆ ಕಲ್ಲಿನ ಗುಡಿಯ ಜೊತೆಗೆ ಕಲ್ಲಿನ ಒಲೆಯೂ ಸೇರುತ್ತದೆಯೇ ಎಂಬ ಚರ್ಚೆಗೆ ಅದು ಒಳ್ಳೆಯ ಸಂದರ್ಭವಾಗಿತ್ತು.

ಬನಶಂಕರಿಯ ಬುತ್ತಿ

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಮಿತಿಯೇ ಇಲ್ಲದ ಊಟದ ಸ್ಥಳವೊಂದನ್ನು ಕಾಣಬಹುದು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಬದನೆಕಾಯಿ, ಚಟ್ನಿ, ಚಿಕ್ಕ ಮಡಕೆಗಳಲ್ಲಿ ಹೆಪ್ಪಿಟ್ಟ ಮೊಸರು ತಂದು, ಹೊಂಡದ ಸುತ್ತಲಿನ ಮಂಟಪದ ನೆರಳಿನಲ್ಲಿ ಯಾತ್ರಿಕರಿಗೆ ಉಣಬಡಿಸುತ್ತಾರೆ. "ಬರ್ರಿ ಯಕ್ಕಾ, ರೊಟ್ಟಿ ಉಣ್ಣ ಬರ್ರಿ" ಎಂಬ ಕರೆಯೇ ಅಲ್ಲಿನ ಫಲಕ. ಕೋಣೆಯಿಲ್ಲದ್ದರಿಂದ ಚದರ ಮೀಟರಿನ ಲೆಕ್ಕವಿಲ್ಲ. ಬುಟ್ಟಿ ಬರಿದಾದಾಗ ಖಾನಾವಳಿ ಮುಚ್ಚಿತು. ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆಯಲ್ಲಿ, ದೇವಿಗೆ 108 ಬಗೆಯ ತರಕಾರಿಯ ನೈವೇದ್ಯವಾಗುವ ಪಲ್ಲೇದ ಹಬ್ಬದ ಮರುದಿನ ತೇರು ಎಳೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಬೀಡುಬಿಟ್ಟು ರಾತ್ರಿಯಿಡೀ ಆಟವಾಡುವ ಆ ದಿನಗಳಲ್ಲಿ ಉಣ್ಣುವವರ ಸಂಖ್ಯೆಯನ್ನು ಯಾವ ಪರವಾನಿಗೆಯೂ ಮುಂಚಿತವಾಗಿ ಬರೆದಿಡಲಾರದು.

ಪಟ್ಟಣಗಳ ಬೀದಿ ವ್ಯಾಪಾರಿಗಳಿಗಾಗಿ ಬಂದ 2014ರ ಜೀವನೋಪಾಯ ಸಂರಕ್ಷಣಾ ಕಾಯ್ದೆ ಈ ಚರ್ಚೆಗೆ ಬೆಳಕು ನೀಡುತ್ತದೆ. ಅದು ವ್ಯಾಪಾರಿಗಳ ಸಂಖ್ಯೆಯನ್ನು ಜನಸಂಖ್ಯೆಯ ಶೇಕಡಾ ಎರಡೂವರೆಗೆ ಹೊಂದಿಸಿತು. 2011ರ ಜನಗಣತಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನರಿದ್ದ ಬಾದಾಮಿಯಂತಹ ಊರಿಗೆ ಈ ಲೆಕ್ಕ ಏಳುನೂರೈವತ್ತರ ಸುಮಾರಿಗೆ ಬರುತ್ತದೆ. ಆದರೆ ಕಾಯ್ದೆ ಸಂಖ್ಯೆ ಹೇಳಿ ಸುಮ್ಮನಾಗಲಿಲ್ಲ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸಬಾರದೆಂದಿತು. ಒಂದು ವಲಯದ ಸಾಮರ್ಥ್ಯಕ್ಕಿಂತ ಹೆಚ್ಚು ಮಂದಿಯಿದ್ದರೆ ಚೀಟಿ ಎತ್ತಿ, ಉಳಿದವರಿಗೆ ಪಕ್ಕದ ವಲಯದಲ್ಲಿ ಜಾಗ ಕೊಡಬೇಕೆಂದೂ ವಿಧಿಸಿತು. ಹದಿನಾರು ಮಂದಿಯನ್ನು ಎಣಿಸಿ ಉಳಿದದ್ದನ್ನು ದಾರಿಹೋಕರಿಗೆ ಬಿಟ್ಟ ಕಲ್ಬರಹದ ಕ್ರಮವೇ ಇಲ್ಲಿ ಪ್ರಜಾಪ್ರಭುತ್ವದ ಭಾಷೆಯಲ್ಲಿ ಮರಳಿದೆ ಎನ್ನಬಹುದು. ಬೀದಿಯ ವ್ಯಾಪಾರಿಗೆ ಸಿಕ್ಕ ಈ ಉಳಿದವರ ಪಾಲು ಪಡಸಾಲೆಯ ಖಾನಾವಳಿಗೆ ಮಾತ್ರ ಸಿಕ್ಕಿಲ್ಲ. ಅದು ಬೀದಿಯದೂ ಅಲ್ಲ, ಪೂರ್ಣ ಹೋಟೆಲೂ ಅಲ್ಲ.

ಮುಂಬಯಿಯ ಗಿರಣಿ ಕಾರ್ಮಿಕರಿಗೆ ಒಂಟಿ ಕೋಣೆಗಳಲ್ಲಿ ಖಾನಾವಳಿ ನಡೆಸುತ್ತಿದ್ದ ಹೆಂಗಸರು 1975ರಲ್ಲಿ ಪ್ರೇಮಾ ಪುರವ ಅವರ ಮುಂದಾಳತ್ವದಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವಾಗಿ ಸಂಘಟಿತರಾದುದನ್ನು ಇಲ್ಲಿ ನೆನೆಯಬೇಕು. ಬಡ್ಡಿ ವ್ಯಾಪಾರಿಯ ಹಿಡಿತದಿಂದ ಬ್ಯಾಂಕಿನ ಸಾಲಕ್ಕೆ ಅವರು ಬಂದದ್ದು ಕೋಣೆ ದೊಡ್ಡದಾದುದರಿಂದಲ್ಲ, ಅಡುಗೆಯ ಕೆಲಸವನ್ನು ಉದ್ದಿಮೆಯೆಂದು ಒಪ್ಪಿದ್ದರಿಂದ.

ಸಮಾರೋಪ

ಒಟ್ಟಿನಲ್ಲಿ ಬಾದಾಮಿಯ ನಿದರ್ಶನದಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಊಟದ ಮನೆಗೆ ಮಿತಿ ಹೊಸದಲ್ಲ. ಪ್ರಭುತ್ವವೂ ಜನಪದರೂ ತಮ್ಮ ತಮ್ಮ ರೀತಿಯಲ್ಲಿ ಅದನ್ನು ಇಟ್ಟುಕೊಂಡಿದ್ದಾರೆ. ಎರಡನೆಯದಾಗಿ, ಜಾತಿಯ ಮಿತಿಯನ್ನು ಕಿತ್ತ ಕಾನೂನು ಜಾಗದ ಮಿತಿಯನ್ನು ಹಾಕುವಾಗ, ಚಿಕ್ಕ ಮನೆಯ ಬಡ ಹೆಣ್ಣುಮಗಳನ್ನು ಮತ್ತೆ ಕಟ್ಟೆಯ ಹೊರಗೆ ನಿಲ್ಲಿಸದಂತೆ ಎಚ್ಚರ ವಹಿಸಬೇಕಾಗಿದೆ. ಮೂರನೆಯದಾಗಿ, ಪಂಗತಿಯ ಲೆಕ್ಕವನ್ನು ಹಿಂದುಳಿದ ರೂಢಿಯೆಂದು ತಳ್ಳದೆ ನಿಯಮ ರೂಪಿಸುವವರು ಅಭ್ಯಾಸ ಮಾಡುವುದು ಪ್ರಯೋಜನಕರ. ಒಂದು ಹೊತ್ತಿಗೆ ಒಳಗೆ ಎಷ್ಟು ಮಂದಿ ಎಂಬುದನ್ನು ಬಾಗಿಲು, ಒಲೆ, ಅನಿಲ ಸಿಲಿಂಡರಿನ ಜಾಗ ನೋಡಿ ಕಟ್ಟುನಿಟ್ಟಾಗಿ ನಿಗದಿ ಮಾಡಲಿ. ದಿನಕ್ಕೆ ಎಷ್ಟು ಪಂಗತಿ ಎಂಬುದನ್ನು ಓಣಿಯವರೊಡನೆ ಕೂತು ಸಮಯದ ಮೂಲಕ ನಿಗದಿ ಮಾಡಲಿ. ಸ್ಮಾರಕದ ನೂರು ಮೀಟರಿನೊಳಗೆ ಜಾಗ ಬೆಳೆಯಲಾರದಾದರೆ, ಊರೊಳಗೆ ಬೇರೆಡೆ ಕಟ್ಟೆಯೊಂದನ್ನು ಒದಗಿಸುವ ಹೊಣೆ ಮಿತಿ ಹಾಕಿದವರದೇ ಆಗಿರಲಿ. ಉಳಿದವರಿಗೆ ಪಾಲಿಟ್ಟ ಮಿತಿಯನ್ನು ಪಾಲಿಸಲು ಖಾನಾವಳಿಯವರು ಹಿಂಜರಿಯಲು ಕಾರಣವಿರುವುದಿಲ್ಲ. ಪಂಗತಿ ಏಳುವವರೆಗೆ ಕಾಯುವುದು ಅವರ ಕಟ್ಟೆಗಳಿಗೆ ಮೊದಲಿನಿಂದಲೂ ರೂಢಿಯಾಗಿದೆ.